ಶೇರ್ಡ್ ಹೋಸ್ಟಿಂಗ್‌ನಲ್ಲಿ ಸ್ವಂತ ಎಸ್‌ಎಸ್‌ಎಚ್ ಸರ್ವರ್: ಎಲ್ಲಿ ನಿಂತಿದೆ ಅಂತ ಮೊದಲು ಹುಡುಕಿ

ಎಸ್‌ಎಸ್‌ಎಚ್‌ನಲ್ಲಿ (ದೂರದ ಮೆಷಿನ್‌ಗೆ ಲಾಗಿನ್ ಆಗುವ ದಾರಿ ಅದು) “ಕನೆಕ್ಷನ್ ರೆಫ್ಯೂಸ್ಡ್” ಅಂತ ಬಂದ ತಕ್ಷಣ, ಪಾಸ್‌ವರ್ಡ್ ಬದಲು ಬಳಸುವ ಕೀ ಫೈಲಿನ ಪರ್ಮಿಷನ್ ತಿದ್ದಲು ಕೂರುವವರೇ ಜಾಸ್ತಿ. ನಾನೂ ಅದನ್ನೇ ಮಾಡಿ ಎರಡು ಸಂಜೆ ಹಾಳು ಮಾಡಿಕೊಂಡಿದ್ದೆ. ರೆಫ್ಯೂಸ್ಡ್ ಅಂದ್ರೆ ಬಾಗಿಲ ತನಕ ಹೋಗಿದ್ದೀರಿ, ಒಳಗೆ ಯಾರೂ ಇಲ್ಲ. ಕೀ ವಿಚಾರ ಶುರುವಾಗುವುದು ಒಳಗಿನಿಂದ ಯಾರಾದರೂ “ಯಾರದು?” ಅಂತ ಕೇಳಿದ ಮೇಲೆ. ಕೇಳುವವರೇ ಇಲ್ಲದಿರುವಾಗ ಕೀಯನ್ನು ಎಷ್ಟು ಉಜ್ಜಿದರೂ ಏನು ಬಂತು?

ನಿಮಗೆ ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದು ಸಾಮಾನ್ಯ ಖಾತೆ ಇದೆ, ರೂಟ್ (ಇಡೀ ಮೆಷಿನ್‌ನ ಯಜಮಾನನ ಹಕ್ಕು) ಇಲ್ಲ, ಹೋಸ್ಟಿಂಗ್‌ನವರು ಕೊಟ್ಟ ಎಸ್‌ಎಸ್‌ಎಚ್ ಹಳೆಯದು ಅಥವಾ ಪೋರ್ಟ್ ಫಾರ್ವರ್ಡಿಂಗ್ ಬಿಡುವುದಿಲ್ಲ, ಅದಕ್ಕೆ ನಿಮ್ಮ ಖಾತೆಯಿಂದಲೇ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ) ಎಬ್ಬಿಸಿ ದೊಡ್ಡ ಪೋರ್ಟ್ ನಂಬರಿನಲ್ಲಿ ಕೂರಿಸಿದ್ದೀರಿ, ಆದರೆ ಲಾಗಿನ್ ಆಗುತ್ತಿಲ್ಲ. ಇಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶುರುವಿನಲ್ಲೇ ಒಂದು ಮಾತು: ಹೋಸ್ಟಿಂಗ್‌ನವರ ನಿಯಮ ಓದಿಕೊಳ್ಳಿ. ಸದಾ ಓಡುವ ಪ್ರೊಸೆಸ್, ಪೋರ್ಟ್ ತೆರೆದು ಕೂರುವುದು, ಇದನ್ನು ಬೇಡ ಅನ್ನುವವರು ಬಹಳ ಜನ. ಅಂಥ ಕಡೆ ನಿಮ್ಮ ಸರ್ವರ್ ಪದೇ ಪದೇ ಸಾಯುತ್ತಿದ್ದರೆ ಅದು ದೋಷ ಅಲ್ಲ, ಅವರೇ ಸಾಯಿಸುತ್ತಿದ್ದಾರೆ. ಸಪೋರ್ಟ್‌ಗೆ ಒಂದು ಮೇಲ್ ಹಾಕಿ ಕೇಳಿದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಹುಡುಕುವಾಗ ಒಂದು ಕ್ರಮ ಇರಲಿ. ಪ್ರೊಸೆಸ್ ಎದ್ದಿದೆಯಾ, ಪೋರ್ಟ್ ಹಿಡಿದಿದೆಯಾ, ಹೊರಗಿನಿಂದ ಅಲ್ಲಿಗೆ ದಾರಿ ಇದೆಯಾ, ಕೀ ಒಪ್ಪಿತಾ, ಶೆಲ್ (ಕಮಾಂಡ್ ಕೊಡುವ ಜಾಗ) ಸಿಕ್ಕಿತಾ, ನಾಳೆ ಬೆಳಗ್ಗೆಯೂ ಬದುಕಿರುತ್ತದಾ. ಒಂದು ಮೆಟ್ಟಿಲು ಖಾತ್ರಿಯಾಗುವ ತನಕ ಮುಂದಿನದಕ್ಕೆ ಕೈ ಹಾಕಬೇಡಿ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಮೊದಲು ಲಾಗ್ ಕೈಗೆ ಸಿಗಲಿ

ಎಸ್‌ಎಸ್‌ಎಚ್‌ಡಿ ತಾನಾಗಿ ಬರೆಯುವುದು ಸಿಸ್‌ಲಾಗ್‌ಗೆ, ಅಂದ್ರೆ ಇಡೀ ಮೆಷಿನ್‌ನ ಲಾಗ್‌ಗೆ. ಶೇರ್ಡ್ ಮೆಷಿನ್‌ನಲ್ಲಿ ಅದನ್ನು ಓದುವ ಹಕ್ಕು ನಿಮಗಿರುವುದಿಲ್ಲ. ಅಂದ್ರೆ ನಿಮ್ಮದೇ ಸರ್ವರ್ ಏನು ಗೊಣಗುತ್ತಿದೆ ಅನ್ನುವುದು ನಿಮಗೇ ಕೇಳುವುದಿಲ್ಲ. ಅದಕ್ಕೆ ಕ್ಯಾಪಿಟಲ್ ಇ ಆಯ್ಕೆ ಕೊಟ್ಟು, ಮುಂದೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ ಒಂದು ಫೈಲಿನ ಹೆಸರು ಹಾಕಿ. ಲಾಗ್ ಅಲ್ಲಿಗೆ ಬರುತ್ತದೆ. ಇದನ್ನು ಮಾಡದೆ ಉಳಿದದ್ದನ್ನೆಲ್ಲ ಮಾಡುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಹುಡುಕಾಟದ ಹೊತ್ತಿನಲ್ಲಿ ಇನ್ನೂ ಒಳ್ಳೆಯದು ಡಿಬಗ್ ಮೋಡ್. ಸ್ಮಾಲ್ ಡಿ ಮೂರು ಸಲ ಹಾಕಿ ಓಡಿಸಿದರೆ ಸರ್ವರ್ ಹಿನ್ನೆಲೆಗೆ ಹೋಗದೆ ಅಲ್ಲೇ ಕೂತು ಪ್ರತಿ ಹೆಜ್ಜೆಯನ್ನೂ ಪರದೆ ಮೇಲೆ ಹೇಳುತ್ತದೆ. ನಿಮ್ಮ ಕಡೆಯ ಕ್ಲೈಂಟ್‌ಗೆ ವಿ ಮೂರು ಸಲ ಹಾಕಿ. ಎರಡು ಕಿಟಕಿ ಅಕ್ಕಪಕ್ಕ ಇಟ್ಟುಕೊಂಡು ನೋಡಿ, ಯಾವ ಸಾಲಿನ ನಂತರ ಎರಡೂ ಕಡೆ ಮಾತು ನಿಲ್ಲುತ್ತದೆ ಅಂತ.

ಇಲ್ಲೇ ನಾನು ಬಿದ್ದದ್ದು. ಡಿಬಗ್ ಮೋಡ್‌ನಲ್ಲಿ ಎಸ್‌ಎಸ್‌ಎಚ್‌ಡಿ ಒಂದೇ ಒಂದು ಕನೆಕ್ಷನ್ ನೋಡಿಕೊಂಡು ತಾನಾಗಿ ಮುಗಿಯುತ್ತದೆ. ಮೊದಲ ಸಲ ಬಂದೆ, ಯೂಸರ್ ಹೆಸರು ತಪ್ಪಾಗಿತ್ತು, ಲಾಗಿನ್ ಆಗಲಿಲ್ಲ, ಸರ್ವರ್ ಮುಗಿಯಿತು. ನಾನು ಅದನ್ನು ಗಮನಿಸದೆ ಕಾನ್ಫಿಗ್‌ನಲ್ಲಿ ಏನೋ ಒಂದು ಬದಲಾಯಿಸಿ ಮತ್ತೆ ಬಂದೆ. ರೆಫ್ಯೂಸ್ಡ್. ಓಹೋ, ಈ ಬದಲಾವಣೆಯಿಂದ ಕೆಟ್ಟಿತು ಅಂತ ಅದನ್ನು ಹಿಂದಕ್ಕೆ ಹಾಕಿದೆ, ಇನ್ನೊಂದನ್ನು ತಿರುಗಿಸಿದೆ. ಮತ್ತೆ ರೆಫ್ಯೂಸ್ಡ್. ಸರ್ವರ್ ಯಾವತ್ತೋ ಎದ್ದು ಹೋಗಿತ್ತು, ನಾನು ಮಾತ್ರ ಖಾಲಿ ಮನೆಯ ಬಾಗಿಲು ಬಡಿಯುತ್ತಿದ್ದೆ. ಡಿಬಗ್ ಮೋಡ್‌ನಲ್ಲಿ ಪ್ರತಿ ಪ್ರಯತ್ನಕ್ಕೂ ಸರ್ವರನ್ನು ಮತ್ತೆ ಎಬ್ಬಿಸಬೇಕು, ಅಷ್ಟೇ.

ಸರ್ವರ್ ಏಳುತ್ತಲೇ ಇಲ್ಲ

ಮೊದಲು ಸ್ಮಾಲ್ ಟಿ ಆಯ್ಕೆಯಲ್ಲಿ ಓಡಿಸಿ. ಕಾನ್ಫಿಗ್ ಮತ್ತು ಕೀಗಳನ್ನು ಪರೀಕ್ಷಿಸಿ ಸುಮ್ನೆ ವಾಪಸ್ ಬರುತ್ತದೆ. ಏನೂ ಹೇಳದಿದ್ದರೆ ಒಳ್ಳೆಯದೇ.

“ರೀ-ಎಕ್ಸೆಕ್ ರಿಕ್ವೈರ್ಸ್ ಎಕ್ಸಿಕ್ಯೂಷನ್ ವಿತ್ ಆ್ಯನ್ ಆಬ್ಸಲ್ಯೂಟ್ ಪಾತ್” ಅಂತ ಬಂದರೆ ನೀವು ಬರೀ ಹೆಸರು ಹೇಳಿ ಕರೆದಿದ್ದೀರಿ. ಎಸ್‌ಎಸ್‌ಎಚ್‌ಡಿ ಪ್ರತಿ ಕನೆಕ್ಷನ್‌ಗೂ ತನ್ನನ್ನೇ ಹೊಸದಾಗಿ ಓಡಿಸಿಕೊಳ್ಳುತ್ತದೆ, ಹಾಗಾಗಿ ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಪೂರ್ತಿ ಗೊತ್ತಿರಬೇಕು. ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ದಾರಿ ಕೊಡಿ.

“ನೋ ಹೋಸ್ಟ್‌ಕೀಸ್ ಅವೈಲಬಲ್” ಅಂದ್ರೆ ಅದು ಮೆಷಿನ್‌ನ ಹೋಸ್ಟ್ ಕೀಗಳನ್ನು (ಸರ್ವರ್ ತನ್ನ ಗುರುತು ತೋರಿಸುವ ಕೀಗಳು) ಓದಲು ಹೋಗಿದೆ. ಅವು ರೂಟ್‌ಗೆ ಮಾತ್ರ. ನಿಮ್ಮದೇ ಒಂದು ಹೋಸ್ಟ್ ಕೀ ಎಸ್‌ಎಸ್‌ಎಚ್-ಕೀಜೆನ್‌ನಲ್ಲಿ ಮಾಡಿಕೊಂಡು, ಕಾನ್ಫಿಗ್‌ನ ಹೋಸ್ಟ್‌ಕೀ ಸಾಲಿನಲ್ಲಿ ಅದರ ದಾರಿ ಬರೆಯಿರಿ. ಇಡಿ25519 ಬಗೆಯದನ್ನೇ ಮಾಡಿ, ಓಪನ್‌ಎಸ್‌ಎಸ್‌ಎಚ್‌ನಲ್ಲಿ 2014ರ 6.5ರಿಂದ ಇದೆ. ಪಾಸ್‌ಫ್ರೇಸ್ ಕೇಳಿದಾಗ ಖಾಲಿ ಬಿಡಿ. ಪರ್ಮಿಷನ್ 600 ಇರಲಿ, ಬೇರೆಯವರು ಓದುವಂತಿದ್ದರೆ “ಟೂ ಓಪನ್” ಅಂತ ಬೈದು ಆ ಕೀಯನ್ನು ಪಕ್ಕಕ್ಕೆ ಎಸೆಯುತ್ತದೆ.

“ಬೈಂಡ್ ಟು ಪೋರ್ಟ್ 22 ಫೇಲ್ಡ್, ಪರ್ಮಿಷನ್ ಡಿನೈಡ್” ಬಂದರೆ ಕಾನ್ಫಿಗ್‌ನಲ್ಲಿ ಪೋರ್ಟ್ ಸಾಲು ಇಲ್ಲ. 1024ಕ್ಕಿಂತ ಕೆಳಗಿನ ಪೋರ್ಟ್‌ಗಳು ಸಾಮಾನ್ಯ ಯೂಸರ್‌ಗೆ ಸಿಗುವುದಿಲ್ಲ. (ಈ 22 ಅನ್ನು 1995ರಲ್ಲಿ ಫಿನ್ಲೆಂಡ್‌ನ ತಾತು ಯ್ಲೋನೆನ್ ಕೇಳಿ ಪಡೆದದ್ದು, ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವೆ ಜಾಗ ಖಾಲಿ ಇತ್ತು ಅಂತ.)

ಬೈನರಿಯನ್ನೇ ನೀವು ತಂದು ಹಾಕಿದ್ದರೆ ಇನ್ನೊಂದಿಷ್ಟು ಕಾಟ ಇದೆ. ಓಡಿಸಿದ ಕೂಡಲೆ “ಪರ್ಮಿಷನ್ ಡಿನೈಡ್”, ಆದರೆ ಫೈಲ್ ಪರ್ಮಿಷನ್ 755 ಇದೆ ಅಂದ್ರೆ ಆ ಫೈಲ್‌ಸಿಸ್ಟಂ ನೋಎಕ್ಸೆಕ್ (ಪ್ರೋಗ್ರಾಂ ಓಡಿಸಲು ಬಿಡದ ಹಾಗೆ) ಆಗಿ ಮೌಂಟ್ ಆಗಿದೆ. ಟೆಂಪ್ ಫೋಲ್ಡರ್‌ನಲ್ಲಿ ಇದು ಮಾಮೂಲು. “ಜಿಲಿಬ್‌ಸಿ ಇಂಥ ವರ್ಷನ್ ನಾಟ್ ಫೌಂಡ್” ಅಂದ್ರೆ ಹೊಸ ಮೆಷಿನ್‌ನಲ್ಲಿ ಕಂಪೈಲ್ ಮಾಡಿ ಹಳೆಯ ಮೆಷಿನ್‌ಗೆ ತಂದಿದ್ದೀರಿ. ಹೋಸ್ಟಿಂಗ್‌ನಲ್ಲೇ ಕಂಪೈಲ್ ಮಾಡೋಣ ಅಂದ್ರೆ ಕಂಪೈಲರ್‌ಗೇ ಬೀಗ ಹಾಕಿರುತ್ತಾರೆ. ಇಂಥ ಕಡೆ ನಾನು ಡ್ರಾಪ್‌ಬೇರ್ ಅನ್ನುವ ಇನ್ನೊಂದು ಎಸ್‌ಎಸ್‌ಎಚ್ ಸರ್ವರನ್ನು ಸ್ಟ್ಯಾಟಿಕ್ ಆಗಿ ಕಟ್ಟಿ ತಂದುಬಿಡುತ್ತೇನೆ. ಚಿಕ್ಕದು, ಒಂದೇ ಫೈಲ್, ಯಾವ ಲೈಬ್ರರಿಯ ಹಂಗೂ ಇಲ್ಲ.

ಓಪನ್‌ಎಸ್‌ಎಸ್‌ಎಚ್ ಬೈನರಿ ತರುವವರಿಗೆ 2024ರಿಂದ ಒಂದು ಹೊಸ ಗುಂಡಿ. 9.8ರಲ್ಲಿ ಎಸ್‌ಎಸ್‌ಎಚ್‌ಡಿಯನ್ನು ಎರಡು ಮಾಡಿದರು: ಬಾಗಿಲು ಕಾಯುವುದು ಎಸ್‌ಎಸ್‌ಎಚ್‌ಡಿ, ಬಂದವರನ್ನು ನೋಡಿಕೊಳ್ಳುವುದು ಎಸ್‌ಎಸ್‌ಎಚ್‌ಡಿ-ಸೆಷನ್. 2025ರ 10.0ರಲ್ಲಿ ಎಸ್‌ಎಸ್‌ಎಚ್‌ಡಿ-ಆಥ್ ಅಂತ ಮೂರನೆಯದೂ ಬಂತು. ಹಳೆಯ ಅಭ್ಯಾಸದಲ್ಲಿ ಎಸ್‌ಎಸ್‌ಎಚ್‌ಡಿ ಒಂದನ್ನೇ ಕಾಪಿ ಮಾಡಿದರೆ, ಎಸ್‌ಎಸ್‌ಎಚ್‌ಡಿ-ಸೆಷನ್ “ಡಸ್ ನಾಟ್ ಎಕ್ಸಿಸ್ಟ್ ಆರ್ ಈಸ್ ನಾಟ್ ಎಕ್ಸಿಕ್ಯೂಟಬಲ್” ಅಂತ ಹೇಳಿ ನಿಂತುಬಿಡುತ್ತದೆ. ಉಳಿದ ಫೈಲ್‌ಗಳನ್ನೂ ತನ್ನಿ. ಕಂಪೈಲ್ ಮಾಡುವಾಗ ಕೊಟ್ಟ ಜಾಗದಲ್ಲಿ ಇಡಲು ಆಗದಿದ್ದರೆ ಕಾನ್ಫಿಗ್‌ನಲ್ಲಿ ಎಸ್‌ಎಸ್‌ಎಚ್‌ಡಿಸೆಷನ್‌ಪಾತ್, ಎಸ್‌ಎಸ್‌ಎಚ್‌ಡಿಆಥ್‌ಪಾತ್ ಅನ್ನುವ ಸಾಲುಗಳಿವೆ.

ಹೆದರಬೇಕಾಗಿಲ್ಲದ ಸಾಲುಗಳೂ ಲಾಗ್‌ನಲ್ಲಿ ಬರುತ್ತವೆ. ಪಿಐಡಿ (ಪ್ರೊಸೆಸ್ ನಂಬರು) ಫೈಲ್ ಬರೆಯಲಾಗಲಿಲ್ಲ ಅನ್ನುವುದು ಒಂದು, ಪಿಡ್‌ಫೈಲ್ ಸಾಲಿನಲ್ಲಿ ನಿಮ್ಮ ಫೋಲ್ಡರ್ ಕೊಟ್ಟರೆ ಸುಮ್ಮನಾಗುತ್ತದೆ. “ಅಟೆಂಪ್ಟ್ ಟು ರೈಟ್ ಲಾಗಿನ್ ರೆಕಾರ್ಡ್ಸ್ ಬೈ ನಾನ್-ರೂಟ್ ಯೂಸರ್, ಅಬಾರ್ಟಿಂಗ್” ಅನ್ನುವುದು ಇನ್ನೊಂದು. ಅಬಾರ್ಟಿಂಗ್ ಅನ್ನುವ ಪದ ನೋಡಿ ಎದೆ ಧಸಕ್ ಅನ್ನುತ್ತದೆ, ಆದರೆ ಅದು ಕೈಬಿಟ್ಟದ್ದು ಲಾಗಿನ್ ದಾಖಲೆ ಬರೆಯುವ ಕೆಲಸವನ್ನು ಮಾತ್ರ. ಲಾಗಿನ್‌ಗೂ ಅದಕ್ಕೂ ಸಂಬಂಧ ಇಲ್ಲ.

ಪೋರ್ಟ್ ಹಿಡಿದಿದೆಯಾ

ನಾನು 24022 ಇಟ್ಟುಕೊಂಡಿದ್ದೇನೆ. ಮೊದಲು 40022 ಇತ್ತು. ಅದು ತಿಂಗಳಲ್ಲಿ ಒಂದೆರಡು ಸಲ ಸುಮ್ನೆ “ಅಡ್ರೆಸ್ ಆಲ್ರೆಡಿ ಇನ್ ಯೂಸ್” ಅಂತಿತ್ತು, ಮತ್ತೆ ತಾನೇ ಸರಿಯಾಗುತ್ತಿತ್ತು. ಲಿನಕ್ಸ್ ಹೊರಹೋಗುವ ಕನೆಕ್ಷನ್‌ಗಳಿಗೆ ಸಾಮಾನ್ಯವಾಗಿ 32768ರಿಂದ 60999ರ ತನಕದ ಪೋರ್ಟ್‌ಗಳನ್ನು ಹಂಚುತ್ತದೆ. ಆ ಮೆಷಿನ್‌ನಲ್ಲಿ ನೂರಾರು ವೆಬ್‌ಸೈಟ್ ಇದ್ದರೆ ಯಾವುದೋ ಒಂದು ನಿಮ್ಮ ನಂಬರನ್ನೇ ಆ ಹೊತ್ತಿಗೆ ಎತ್ತಿಕೊಂಡಿರಬಹುದು. 32768ಕ್ಕಿಂತ ಕೆಳಗಿನದನ್ನು ಆರಿಸಿದ ಮೇಲೆ ಆ ಕಾಟ ತಪ್ಪಿತು.

ಪೋರ್ಟ್ ಯಾರ ಕೈಯಲ್ಲಿದೆ ಅಂತ ನೋಡಲು ಎಸ್‌ಎಸ್ ಅಥವಾ ನೆಟ್‌ಸ್ಟ್ಯಾಟ್ ಕಮಾಂಡ್ ಇದ್ದರೆ ಸುಲಭ. ಇಲ್ಲದಿದ್ದರೆ ಪ್ರೊಕ್ ಫೋಲ್ಡರ್‌ನ ಒಳಗೆ ನೆಟ್, ಅದರ ಒಳಗೆ ಟಿಸಿಪಿ ಅನ್ನುವ ಫೈಲ್ ತೆರೆಯಿರಿ. ನೋಡಲು ಗೀಚಿದ ಹಾಗಿದೆ, ಆದರೆ ಓದುವುದು ಕಷ್ಟ ಇಲ್ಲ. ಎರಡನೇ ಕಾಲಮ್‌ನಲ್ಲಿ ಐಪಿ, ಕೋಲನ್, ಪೋರ್ಟ್, ಎಲ್ಲ ಹೆಕ್ಸ್‌ನಲ್ಲಿ. 24022 ಹೆಕ್ಸ್‌ನಲ್ಲಿ 5ಡಿಡಿ6. ಅದರ ಹಿಂದೆ ಎಂಟು ಸೊನ್ನೆ ಇದ್ದರೆ ಎಲ್ಲ ವಿಳಾಸಗಳ ಮೇಲೂ ಕೇಳುತ್ತಿದೆ. 0100007ಎಫ್ ಅಂತಿದ್ದರೆ 127.0.0.1ರಲ್ಲಿ ಮಾತ್ರ ಕೂತಿದೆ, ಹೊರಗಿನವರಿಗೆ ಸಿಗುವುದಿಲ್ಲ, ಲಿಸನ್‌ಅಡ್ರೆಸ್ ಸಾಲು ನೋಡಿ. ಮುಂದೆ 0ಎ ಇದ್ದರೆ ಕೇಳುವ ಸ್ಥಿತಿ ಅಂತ. ಅದೇ ಸಾಲಿನಲ್ಲಿ ಯುಐಡಿ, ಅಂದ್ರೆ ಯೂಸರ್ ನಂಬರೂ ಇದೆ. ಅದು ನಿಮ್ಮದಾದರೆ ನಿಮ್ಮ ಹಳೆಯ ಪ್ರೊಸೆಸ್ ಇನ್ನೂ ಸತ್ತಿಲ್ಲ, ಬೇರೆಯವರದಾದರೆ ಪೋರ್ಟ್ ಬದಲಾಯಿಸಿ, ಜಗಳ ಬೇಡ.

ಕೊನೆಗೆ ಅದೇ ಮೆಷಿನ್‌ನ ಒಳಗಿನಿಂದಲೇ ಒಂದು ಸಲ ಮಾತಾಡಿಸಿ. ಬ್ಯಾಶ್‌ನಲ್ಲಿ /ಡೆವ್/ಟಿಸಿಪಿ/127.0.0.1/24022 ಅನ್ನು ಫೈಲಿನ ಹಾಗೆ ತೆರೆದು ಮೊದಲ ಸಾಲು ಓದಿದರೆ “ಎಸ್‌ಎಸ್‌ಎಚ್-2.0-” ಅಂತ ಶುರುವಾಗುವ ಬ್ಯಾನರ್ ಬರಬೇಕು. ಬಂದರೆ ಸರ್ವರ್ ಪಾಲಿನ ಕೆಲಸ ಮುಗಿಯಿತು. ಇನ್ನು ಹೊರಗಿನ ದಾರಿ.

ಹೊರಗಿನಿಂದ ಸಿಗುತ್ತಿಲ್ಲ

ಒಳಗಿನಿಂದ ಬ್ಯಾನರ್ ಬರುತ್ತದೆ, ಹೊರಗಿನಿಂದ “ಟೈಮ್ಡ್ ಔಟ್” ಅಂದ್ರೆ ನಡುವೆ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ನುಂಗುತ್ತಿದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ತುಂಬಾ ಸಾಮಾನ್ಯ ಕಾರಣ ಇದೇ, ಕೆಲವೇ ಪೋರ್ಟ್ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿರುತ್ತಾರೆ. ಹೊರಗಿನಿಂದ ಮಾತ್ರ “ರೆಫ್ಯೂಸ್ಡ್” ಬಂದರೆ ಎರಡು ಸಾಧ್ಯತೆ: ಫೈರ್‌ವಾಲ್ ನುಂಗದೆ ಮುಖದ ಮೇಲೆ ಹೊಡೆದ ಹಾಗೆ ಇಲ್ಲ ಅನ್ನುತ್ತಿದೆ, ಅಥವಾ ನೀವು ಬೇರೆ ಮೆಷಿನ್‌ನ ಬಾಗಿಲಲ್ಲಿ ನಿಂತಿದ್ದೀರಿ.

ಬೇರೆ ಮೆಷಿನ್ ಹೇಗೆ ಅಂತೀರಾ? ನಿಮ್ಮ ಡೊಮೇನ್ ಹೆಸರು ಸಿಡಿಎನ್‌ನ (ನಿಮ್ಮ ಸೈಟನ್ನು ತಮ್ಮ ಮೆಷಿನ್‌ಗಳಿಂದ ತೋರಿಸುವ ಸೇವೆ) ಹಿಂದೆ ಇದ್ದರೆ ಆ ಹೆಸರಿಗೆ ಸಿಗುವ ಐಪಿ ನಿಮ್ಮ ಹೋಸ್ಟಿಂಗ್‌ದೇ ಅಲ್ಲ. ಅವರು ವೆಬ್ ಪೋರ್ಟ್‌ಗಳನ್ನು ಮಾತ್ರ ದಾಟಿಸುತ್ತಾರೆ, 24022ರ ಬಗ್ಗೆ ಅವರಿಗೇನು ಗೊತ್ತು. ಇನ್ನು ಕೆಲವು ಕಡೆ ಸೈಟ್ ತೋರಿಸುವ ಮೆಷಿನ್ ಒಂದು, ಶೆಲ್ ಕೊಡುವ ಮೆಷಿನ್ ಇನ್ನೊಂದು, ಕ್ರಾನ್ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಓಡುವುದು ಮೂರನೆಯದರಲ್ಲಿ, ಹೋಮ್ ಫೋಲ್ಡರ್ ಮಾತ್ರ ಮೂರಕ್ಕೂ ಒಂದೇ. ನಿಮಗೆ ಫೈಲ್‌ಗಳೆಲ್ಲ ಕಾಣುತ್ತವೆ, ಪಿಐಡಿ ಫೈಲೂ ಇದೆ, ಪ್ರೊಸೆಸ್ ಮಾತ್ರ ಎಲ್ಲೂ ಇಲ್ಲ! ಸರ್ವರ್ ಎಬ್ಬಿಸುವ ಸ್ಕ್ರಿಪ್ಟ್‌ನಲ್ಲೇ ಹೋಸ್ಟ್‌ನೇಮ್ ಕಮಾಂಡ್ ಓಡಿಸಿ ಅದರ ಉತ್ತರವನ್ನು ಲಾಗ್‌ಗೆ ಬರೆಸಿಡಿ. ಒಂದು ಸಾಲಿನ ಕೆಲಸ, ಒಂದು ದಿನ ಉಳಿಸುತ್ತದೆ.

ಒಳಬರುವ ಪೋರ್ಟ್ ನಿಜವಾಗಿಯೂ ಮುಚ್ಚಿದ್ದರೆ ಕೇಳಿ ತೆರೆಸಿಕೊಳ್ಳಬೇಕು. ತೆರೆಯುವುದಿಲ್ಲ ಅಂದರೆ, ನಿಯಮ ಬಿಡುವುದಾದರೆ, ಉಲ್ಟಾ ಟನಲ್ ಇದೆ. ಹೋಸ್ಟಿಂಗ್ ಕಡೆಯಿಂದ ನಿಮ್ಮ ಇನ್ನೊಂದು ಮೆಷಿನ್‌ಗೆ ಕ್ಯಾಪಿಟಲ್ ಆರ್ ಆಯ್ಕೆಯಲ್ಲಿ ಹೊರಗೆ ಕನೆಕ್ಟ್ ಮಾಡಿ, ಅಲ್ಲಿನ ಪೋರ್ಟನ್ನು ಇಲ್ಲಿನ 24022ಕ್ಕೆ ಜೋಡಿಸುವುದು. ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್ ಅಂತ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆ ಕಡೆ ಹಳೆಯ ಟನಲ್ ಪೋರ್ಟ್ ಬಿಡದೆ ಕೂತಿದ್ದಾಗ ಹೊಸದು ಕನೆಕ್ಟ್ ಆದ ಹಾಗೆ ನಟಿಸುತ್ತಾ ಏನೂ ಮಾಡದೆ ಬಿದ್ದಿರುತ್ತದೆ. ಸರ್ವರ್‌ಅಲೈವ್‌ಇಂಟರ್ವಲ್ 30 ಕೊಡಿ, ಸತ್ತ ಕನೆಕ್ಷನ್ ಬೇಗ ಗೊತ್ತಾಗುತ್ತದೆ.

ಅಪರೂಪದ್ದು ಇನ್ನೊಂದು. ಕನೆಕ್ಟ್ ಆಗುತ್ತದೆ, ಬ್ಯಾನರ್ ಬರುತ್ತದೆ, ಆಮೇಲೆ ಕ್ಲೈಂಟ್‌ನ ಲಾಗ್ “ಎಕ್ಸ್‌ಪೆಕ್ಟಿಂಗ್… ಕೆಕ್ಸ್… ರಿಪ್ಲೈ” ಅನ್ನುವ ಸಾಲಿನಲ್ಲಿ ನಿಂತು ಅಲ್ಲಾಡುವುದಿಲ್ಲ. ಸಣ್ಣ ಪ್ಯಾಕೆಟ್ ದಾಟುತ್ತಿವೆ, ದೊಡ್ಡವು ದಾರಿಯಲ್ಲಿ ಮಾಯವಾಗುತ್ತಿವೆ. ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ) ತೊಂದರೆ ಇದು. ಓಪನ್‌ಎಸ್‌ಎಸ್‌ಎಚ್‌ನ 2022ರ 9.0ರಿಂದ ಕ್ವಾಂಟಂ ಕಾಲಕ್ಕೂ ತಡೆಯುವಂಥ ಕೀ ವಿನಿಮಯವೇ ಡೀಫಾಲ್ಟ್, ಅದರ ಕೀಗಳು ಸಾವಿರ ಬೈಟ್ ದಾಟುತ್ತವೆ, ಹಾಗಾಗಿ ಹಳೆಯ ಕ್ಲೈಂಟ್‌ನಲ್ಲಿ ಕಾಣದಿದ್ದದ್ದು ಹೊಸದರಲ್ಲಿ ಕಾಣಬಹುದು. ಕ್ಲೈಂಟ್ ಕಡೆ ಕೆಕ್ಸ್‌ಅಲ್ಗಾರಿದಮ್ಸ್‌ಗೆ ಕರ್ವ್25519-ಎಸ್‌ಎಚ್‌ಎ256 ಒಂದನ್ನೇ ಕೊಟ್ಟು ನೋಡಿ. ಅದರಲ್ಲಿ ದಾಟಿದರೆ ರೋಗ ಗೊತ್ತಾಯಿತು. ಹಾಗೇ ಬಿಡಬೇಡಿ, ನಿಮ್ಮ ಕಡೆಯ ಎಂಟಿಯು ಇಳಿಸಿ ಸರಿಮಾಡಿಕೊಳ್ಳಿ.

ಕೀ ಒಪ್ಪುತ್ತಿಲ್ಲ

ಈಗ ಬಂತು ಕೀ ಸರದಿ. ಪಾಸ್‌ವರ್ಡ್‌ನ ಆಸೆ ಮೊದಲೇ ಬಿಟ್ಟುಬಿಡಿ. ರೂಟ್ ಅಲ್ಲದ ಎಸ್‌ಎಸ್‌ಎಚ್‌ಡಿಗೆ ಪಾಸ್‌ವರ್ಡ್‌ಗಳ ಗುಟ್ಟು ಇರುವ ಶ್ಯಾಡೋ ಫೈಲ್ ಓದಲು ಬರುವುದಿಲ್ಲ, ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್‌ಅಥೆಂಟಿಕೇಷನ್ ನೋ, ಯೂಸ್‌ಪ್ಯಾಮ್ ನೋ ಅಂತ ಹಾಕಿ ಮುಂದೆ ಹೋಗಿ. ಹಾಗೇ, ಈ ಸರ್ವರ್‌ನಿಂದ ಒಳಬರಬಹುದಾದದ್ದು ನೀವೊಬ್ಬರೇ. ಅದಕ್ಕೆ ಬೇರೆ ಯೂಸರ್ ಆಗಿ ಬದಲಾಗುವ ಹಕ್ಕಿಲ್ಲ. ಕ್ಲೈಂಟ್‌ನಲ್ಲಿ ಯೂಸರ್ ಹೆಸರು ಕೊಡದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನ ಹೆಸರನ್ನೇ ಕಳಿಸುತ್ತದೆ, ಲಾಗ್‌ನಲ್ಲಿ “ಇನ್‌ವ್ಯಾಲಿಡ್ ಯೂಸರ್” ಅಂತ ಬರುತ್ತದೆ. ನನ್ನ ಮೊದಲ ಸಂಜೆಯ ಕಥೆ ಅದೇ.

ಲಾಗ್‌ನಲ್ಲಿ “ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್” ಇದ್ದರೆ, ಮುಂದೆ ಯಾವ ಫೋಲ್ಡರ್ ಅಂತಲೂ ಬರೆದಿರುತ್ತದೆ. ಜನ ಡಾಟ್ ಎಸ್‌ಎಸ್‌ಎಚ್ ಫೋಲ್ಡರನ್ನು 700 ಮಾಡಿ, ಆಥರೈಸ್ಡ್ ಕೀಸ್ ಫೈಲನ್ನು 600 ಮಾಡಿ, ಹೋಮ್ ಫೋಲ್ಡರನ್ನು ಮರೆಯುತ್ತಾರೆ. ಅದು 775 ಆಗಿದ್ದರೆ, ಅಂದ್ರೆ ಗ್ರೂಪ್‌ನವರು ಬರೆಯಬಹುದಾದರೆ, ಕೀ ಒಪ್ಪುವುದಿಲ್ಲ. 711 ಅಥವಾ 755 ಸಾಕು. ಸ್ಟ್ರಿಕ್ಟ್‌ಮೋಡ್ಸ್ ನೋ ಅಂತ ಹಾಕಿದರೆ ಈ ಪರೀಕ್ಷೆಯೇ ಇರುವುದಿಲ್ಲ, ಆದರೆ ಪರಿಚಯ ಇಲ್ಲದ ಹತ್ತಾರು ಜನರ ಜೊತೆ ಹಂಚಿಕೊಂಡಿರುವ ಮೆಷಿನ್‌ನಲ್ಲಿ ಅದನ್ನು ನಾನಂತೂ ಹಾಕುವುದಿಲ್ಲ. ತೊಂದರೆ ಅದೇನಾ ಅಂತ ನೋಡಲು ಒಂದು ನಿಮಿಷಕ್ಕೆ ಹಾಕಿ ತೆಗೆದರೆ ಸರಿ.

ಇನ್ನೊಂದು ಕಳ್ಳ ಕಾರಣ, ಬ್ರೌಸರ್‌ನ ಫೈಲ್ ಮ್ಯಾನೇಜರ್‌ನಲ್ಲಿ ಕೀಯನ್ನು ಪೇಸ್ಟ್ ಮಾಡಿದಾಗ ಅದು ನಡುವೆ ಮುರಿದು ಎರಡು ಸಾಲಾಗುವುದು. ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಒಂದು ಕೀ ಅಂದ್ರೆ ಒಂದೇ ಸಾಲು. ಇಡಿ25519 ಕೀಯ ನಡುವಿನ ತುಂಡು, ಎರಡು ಸ್ಪೇಸ್‌ಗಳ ಮಧ್ಯದ್ದು, ಸರಿಯಾಗಿ 68 ಅಕ್ಷರ ಇರುತ್ತದೆ. ಎಣಿಸಿ ನೋಡಿ. 67 ಬಂದರೆ ಕಾಪಿ ಮಾಡುವಾಗ ಕೊನೆಯದು ಬಿಟ್ಟಿದ್ದೀರಿ.

ಒಳಗೆ ಬಂದೆ, ಆದರೆ ಕೆಲಸ ಆಗುತ್ತಿಲ್ಲ

ಕೀ ಒಪ್ಪಿತು, ಕೂಡಲೆ “ದಿಸ್ ಅಕೌಂಟ್ ಈಸ್ ಕರೆಂಟ್ಲಿ ನಾಟ್ ಅವೈಲಬಲ್” ಅಂತ ಹೇಳಿ ಹೊರಗೆ ದಬ್ಬಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ನಿಮ್ಮ ಖಾತೆಯ ಶೆಲ್ ನೋಲಾಗಿನ್ ಅಂತ ಇಟ್ಟಿದ್ದಾರೆ. ಸರ್ವರ್ ನಿಮ್ಮದಾದರೂ ಶೆಲ್ ಯಾವುದು ಅಂತ ಅದು ಕೇಳುವುದು ಖಾತೆಗಳ ಪಟ್ಟಿ ಇರುವ ಪಾಸ್‌ವರ್ಡ್ ಫೈಲನ್ನೇ. ಫೋರ್ಸ್‌ಕಮಾಂಡ್ ಹಾಕಿ ಬ್ಯಾಶ್ ಓಡಿಸುತ್ತೇನೆ ಅಂದರೂ ಆಗುವುದಿಲ್ಲ, ಆ ಕಮಾಂಡನ್ನೂ ಅದೇ ಶೆಲ್ ಮೂಲಕವೇ ಓಡಿಸುತ್ತದೆ. ಹೀಗೆ ಬಂದರೆ ಹೋಸ್ಟಿಂಗ್‌ನವರು ನಿಮಗೆ ಶೆಲ್ ಬೇಡ ಅಂತ ತೀರ್ಮಾನ ಮಾಡಿದ್ದಾರೆ ಅಂತಲೇ ಅರ್ಥ, ಅವರನ್ನೇ ಕೇಳಿ.

“ಪಿಟಿವೈ ಅಲೊಕೇಷನ್ ರಿಕ್ವೆಸ್ಟ್ ಫೇಲ್ಡ್” ಅಂದ್ರೆ ಲಾಗಿನ್ ಆಗಿದೆ, ಟರ್ಮಿನಲ್ ಸಿಕ್ಕಿಲ್ಲ. ಪ್ರತಿ ಗ್ರಾಹಕನನ್ನೂ ಅವನದೇ ಪಂಜರದಲ್ಲಿ ಇಡುವ ಹೋಸ್ಟಿಂಗ್‌ಗಳಲ್ಲಿ ಡೆವ್ ಫೋಲ್ಡರ್‌ನ ಒಳಗೆ ಪಿಟಿಎಸ್ ಇಲ್ಲದಿದ್ದರೆ ಹೀಗಾಗುತ್ತದೆ. ಕ್ಯಾಪಿಟಲ್ ಟಿ ಹಾಕಿ ಬ್ಯಾಶ್ ಅನ್ನು ಸ್ಮಾಲ್ ಐ ಆಯ್ಕೆಯಲ್ಲಿ ಓಡಿಸಿದರೆ ಕುಂಟುತ್ತಾ ಕೆಲಸ ಸಾಗುತ್ತದೆ.

ಫೈಲ್ ಕಳಿಸುವ ಎಸ್‌ಸಿಪಿ ಮಾತ್ರ ಆಗುತ್ತಿಲ್ಲವಾ? ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಒಳಗೊಳಗೇ ಎಸ್‌ಎಫ್‌ಟಿಪಿ ಅನ್ನುವ ಬೇರೆ ಕ್ರಮ ಬಳಸುತ್ತದೆ. ಡ್ರಾಪ್‌ಬೇರ್‌ನ ಜೊತೆ ಎಸ್‌ಎಫ್‌ಟಿಪಿ ಸರ್ವರ್ ಬರುವುದಿಲ್ಲ. ಕ್ಲೈಂಟ್‌ಗೆ ಕ್ಯಾಪಿಟಲ್ ಓ ಕೊಟ್ಟರೆ ಹಳೆಯ ಕ್ರಮದಲ್ಲಿ ಕಳಿಸುತ್ತದೆ. ಓಪನ್‌ಎಸ್‌ಎಸ್‌ಎಚ್ ಆಗಿದ್ದರೆ ಸಬ್‌ಸಿಸ್ಟಂ ಸಾಲಿನಲ್ಲಿ ಇಂಟರ್ನಲ್-ಎಸ್‌ಎಫ್‌ಟಿಪಿ ಅಂತ ಬರೆಯಿರಿ, ಬೇರೆ ಫೈಲ್ ಹುಡುಕುವ ಗೊಡವೆಯೇ ಇಲ್ಲ.

ಎಸ್‌ಎಫ್‌ಟಿಪಿಯಲ್ಲೇ ನನಗೆ ಇಷ್ಟವಾದ ಒಂದು ದೋಷ ಇದೆ. “ರಿಸೀವ್ಡ್ ಮೆಸೇಜ್ ಟೂ ಲಾಂಗ್ 1466264675”. ಎಷ್ಟು ದೊಡ್ಡ ಫೈಲ್ ಅಂತ ಗಾಬರಿಯಾಗಬೇಡಿ. ಕ್ಲೈಂಟ್ ಮೊದಲ ನಾಲ್ಕು ಬೈಟ್‌ಗಳನ್ನು ಉದ್ದ ಅಂತ ಓದುತ್ತದೆ. ಈ ನಂಬರನ್ನು ಹೆಕ್ಸ್ ಮಾಡಿದರೆ 57 65 6ಸಿ 63, ಅವು ಇಂಗ್ಲಿಷ್ ಅಕ್ಷರಗಳಾದರೆ ಡಬ್ಲ್ಯೂ, ಇ, ಎಲ್, ಸಿ. ವೆಲ್‌ಕಮ್! ಶೆಲ್ ಏಳುವಾಗ ಓಡುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಯಾವತ್ತೋ ಶೋಕಿಗೆ ಬರೆದ ಸ್ವಾಗತದ ಸಾಲು ಎಸ್‌ಎಫ್‌ಟಿಪಿಯ ನಡುವೆ ಬಂದು ತಲೆ ಹಾಕಿದೆ. ಇಂಟರ್‌ಆ್ಯಕ್ಟಿವ್ ಅಲ್ಲದಿದ್ದಾಗ ಏನೂ ಪ್ರಿಂಟ್ ಮಾಡದ ಹಾಗೆ ಆ ಸಾಲಿಗೆ ಮೊದಲೇ ತಡೆ ಹಾಕಿ.

“ಫೋರ್ಕ್: ರಿಸೋರ್ಸ್ ಟೆಂಪರರಿಲಿ ಅನವೈಲಬಲ್” ಅಂದ್ರೆ ಪ್ರೊಸೆಸ್ ಲೆಕ್ಕ ತುಂಬಿದೆ. ನಿಮ್ಮ ಸೈಟ್‌ನ ಪಿಎಚ್‌ಪಿ ಪ್ರೊಸೆಸ್‌ಗಳೂ ಅದೇ ಲೆಕ್ಕದಲ್ಲಿ ಬರುತ್ತವೆ ಅಂತ ನೆನಪಿರಲಿ. ಸೈಟ್‌ಗೆ ಜನ ಜಾಸ್ತಿ ಬಂದ ಹೊತ್ತಿನಲ್ಲೇ ಲಾಗಿನ್ ಕೈಕೊಡುವುದು ಅದಕ್ಕೇ.

ರಾತ್ರಿ ಸಾಯುವ ಸರ್ವರ್

ಲಾಗೌಟ್ ಆದ ಕೂಡಲೆ ಸತ್ತರೆ ಸೆಷನ್ ಜೊತೆಗೇ ಎಲ್ಲವನ್ನೂ ಗುಡಿಸುವ ವ್ಯವಸ್ಥೆ ಇದೆ, ಸಿಸ್ಟಂಡಿಯ ಕಿಲ್‌ಯೂಸರ್‌ಪ್ರೊಸೆಸಸ್ ಅಂಥದ್ದು. ಒಂದಷ್ಟು ಗಂಟೆ ಬಿಟ್ಟು ಸತ್ತರೆ, ಲಾಗ್‌ನಲ್ಲಿ ವಿದಾಯದ ಒಂದು ಸಾಲೂ ಇಲ್ಲದಿದ್ದರೆ, ಯಾರೋ ಕಿಲ್ 9 ಹೊಡೆದಿದ್ದಾರೆ. ಸಾಮಾನ್ಯ ಕಿಲ್ ಆಗಿದ್ದರೆ “ರಿಸೀವ್ಡ್ ಸಿಗ್ನಲ್ 15” ಅಂತ ಬರೆದೇ ಹೋಗುತ್ತದೆ.

ನಿಯಮದಲ್ಲಿ ಅಡ್ಡಿ ಇಲ್ಲದಿದ್ದರೆ ಕ್ರಾನ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಎಫ್‌ಲಾಕ್ (ಒಂದು ಸಲಕ್ಕೆ ಒಂದೇ ಓಡುವ ಹಾಗೆ ಬೀಗ ಹಾಕುವ ಕಮಾಂಡ್) ಮೂಲಕ ಎಬ್ಬಿಸಿ, ಎಫ್‌ಲಾಕ್‌ಗೆ ಸ್ಮಾಲ್ ಎನ್ ಕೊಡಿ. ಎಸ್‌ಎಸ್‌ಎಚ್‌ಡಿಗೆ ಕ್ಯಾಪಿಟಲ್ ಡಿ ಇರಲೇಬೇಕು. ಅದಿಲ್ಲದಿದ್ದರೆ ಸರ್ವರ್ ಹಿನ್ನೆಲೆಗೆ ಜಾರುತ್ತದೆ, ಎಫ್‌ಲಾಕ್ ತನ್ನ ಕೆಲಸ ಮುಗಿಯಿತು ಅಂತ ಬೀಗ ಬಿಡುತ್ತದೆ, ಐದು ನಿಮಿಷಕ್ಕೊಮ್ಮೆ ಹೊಸದೊಂದು ಎದ್ದು ಪೋರ್ಟ್ ಸಿಗದೆ ಸಾಯುತ್ತದೆ. ಬೆಳಗ್ಗೆ ಲಾಗ್ ತುಂಬಾ “ಆಲ್ರೆಡಿ ಇನ್ ಯೂಸ್”.

ಕೊನೆಯದಾಗಿ, ದೋಷ ಅಂತ ಯಾರೂ ಅಂದುಕೊಳ್ಳದ ಒಂದು ದೋಷ. ಒಂದು ದಿನ ಕ್ಲೈಂಟ್ “ರಿಮೋಟ್ ಹೋಸ್ಟ್ ಐಡೆಂಟಿಫಿಕೇಷನ್ ಹ್ಯಾಸ್ ಚೇಂಜ್ಡ್” ಅಂತ ಕೂಗಿಕೊಂಡಿತು. ಸಾಮಾನ್ಯವಾಗಿ ಜನ ಹಳೆಯ ಗುರುತು ಅಳಿಸಿ ಯೆಸ್ ಅಂತಾರೆ. ಇಲ್ಲಿ ಹಾಗೆ ಮಾಡಬೇಡಿ. ದೊಡ್ಡ ನಂಬರಿನ ಪೋರ್ಟ್ ಯಾರಪ್ಪನ ಆಸ್ತಿಯೂ ಅಲ್ಲ, ನಿಮ್ಮ ಸರ್ವರ್ ಸತ್ತ ಐದು ನಿಮಿಷದಲ್ಲಿ ಅದೇ ಮೆಷಿನ್‌ನ ಇನ್ನೊಬ್ಬ ಗ್ರಾಹಕ ಅದನ್ನು ಹಿಡಿದು ತನ್ನ ಎಸ್‌ಎಸ್‌ಎಚ್‌ಡಿ ಕೂರಿಸಬಹುದು. 127.0.0.1 ಕೂಡ ಆ ಮೆಷಿನ್‌ನ ಎಲ್ಲರಿಗೂ ಒಂದೇ. ಅದಕ್ಕೆ ಬೇರೆ ದಾರಿಯಲ್ಲಿ, ಅಂದ್ರೆ ಫೈಲ್ ಮ್ಯಾನೇಜರ್‌ನಲ್ಲೋ ಹೋಸ್ಟಿಂಗ್‌ನವರದೇ ಎಸ್‌ಎಸ್‌ಎಚ್‌ನಲ್ಲೋ ಒಳಗೆ ಹೋಗಿ, ಎಸ್‌ಎಸ್‌ಎಚ್-ಕೀಜೆನ್‌ಗೆ ಸ್ಮಾಲ್ ಎಲ್ ಮತ್ತು ಎಫ್ ಕೊಟ್ಟು ನಿಮ್ಮ ಹೋಸ್ಟ್ ಕೀಯ ಫಿಂಗರ್‌ಪ್ರಿಂಟ್ ತೆಗೆದು, ಕ್ಲೈಂಟ್ ತೋರಿಸುತ್ತಿರುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ.

ನನ್ನದು ಹೋಲಿಕೆಯಾಗಲಿಲ್ಲ. ಸ್ವಲ್ಪ ಬೆವರಿದೆ ಕೂಡ. ಪ್ರೊಕ್‌ನ ಟಿಸಿಪಿ ಫೈಲ್‌ನಲ್ಲಿ 5ಡಿಡಿ6ರ ಸಾಲಿನ ಯುಐಡಿ ನೋಡಿದೆ, ನನ್ನದೇ. ಆಮೇಲೆ ಹೋಮ್ ಫೋಲ್ಡರ್ ಪೂರ್ತಿ ಹುಡುಕಿದರೆ ಎರಡು ಹೋಸ್ಟ್ ಕೀ ಸಿಕ್ಕವು. ಕೀ ಇಲ್ಲದಿದ್ದರೆ ಹೊಸದು ಮಾಡು ಅಂತ ನನ್ನ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲಿತ್ತು, ಅದರ ದಾರಿ ಪೂರ್ತಿ ಬರೆದಿರಲಿಲ್ಲ. ಯಾವತ್ತೂ ಕ್ರಾನ್ ಅದನ್ನು ಹೋಮ್‌ನಿಂದ ಓಡಿಸುತ್ತಿತ್ತು, ಹಿಂದಿನ ದಿನ ನಾನು ಬೇರೆ ಫೋಲ್ಡರ್‌ನಲ್ಲಿ ನಿಂತು ಕೈಯಾರೆ ಓಡಿಸಿದ್ದೆ. ಹೊಸ ಕೀ ಅಳಿಸಿ, ಸ್ಕ್ರಿಪ್ಟ್‌ನಲ್ಲಿ ಪೂರ್ತಿ ದಾರಿ ಬರೆದು, ಸರ್ವರ್ ಮತ್ತೆ ಎಬ್ಬಿಸಿದೆ. ಕ್ಲೈಂಟ್ ಏನೂ ಕೇಳದೆ ಒಳಗೆ ಬಿಟ್ಟಿತು.